ಏಳನೆಯ ದೂರು

ಯುನೂಸನ ಹಾಡುಗಳು ಕೆಟ್ಟದಾಗಿದ್ದಿದ್ದರೆ ಅವನಿಗೆ ನನ್ನಂಥ ಗೆಳೆಯ ಇಡೀ ಇಳಕಲ್ಲಿನಲ್ಲಿ ಮತ್ತೊಬ್ಬ ಸಿಗುತ್ತಿರಲಿಲ್ಲ. ಬೆನ್ನು ತಟ್ಟುತ್ತಿದ್ದೆ, ಚಹಾ ಕುಡಿಸುತ್ತಿದ್ದೆ, 'ಮುಂದಿನ ಸಲ ಆಗ್ತೈತಿ ಬಿಡಲೇ' ಎನ್ನುತ್ತಿದ್ದೆ. ಸೋತವರಿಗೆ ಸಮಾಧಾನ ಹೇಳುವುದರಲ್ಲಿ ನನ್ನಷ್ಟು ಧಾರಾಳಿ ಯಾರೂ ಇಲ್ಲ. ತೊಂದರೆ ಏನೆಂದರೆ, ಹಾಡುಗಳು ಚೆನ್ನಾಗಿದ್ದವು.

ನನ್ನ ಹೆಸರು ಶಿವಪುತ್ರ. ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಸೌಂಡ್ ಸರ್ವಿಸ್ ಅಂಗಡಿಯಿದೆ. ಮದುವೆ, ಸೀಮಂತ, ಅಂಗಡಿ ಉದ್ಘಾಟನೆ, ಏನೇ ಇರಲಿ ಮೈಕು ನನ್ನದು. ಬಹಳಷ್ಟು ಸಲ ಹಾಡೂ ನನ್ನದೇ. ಹೈಸ್ಕೂಲಿನಲ್ಲಿದ್ದಾಗ ತಾಲೂಕು ಮಟ್ಟದ ಹಾಡಿನ ಸ್ಪರ್ಧೆಯಲ್ಲಿ ಮೊದಲ ಬಹುಮಾನ ತಂದವನು ನಾನು. ಆ ದಿನ ನನ್ನ ಪಕ್ಕದಲ್ಲಿ ಕುಳಿತು ತಬಲಾ ಬಾರಿಸಿದವನು ಯುನೂಸ, ಅದೂ ತಾಳ ತಪ್ಪಿ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಊರು ಮರೆತುಬಿಟ್ಟಿದೆ.

ಯುನೂಸ ನಮ್ಮ ಓಣಿಯವನೇ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರಲ್ಲೂ ಕೈಮಗ್ಗವಿತ್ತು, ನಮ್ಮಲ್ಲಿ ಇನ್ನೂ ಇದೆ. ಅವನೀಗ ಪವರ್‌ಲೂಮ್ ಕೆಟ್ಟರೆ ರಿಪೇರಿ ಮಾಡಿಕೊಡುವ ಜಾಬರ್. ಹನ್ನೆರಡು ವರ್ಷಗಳ ಹಿಂದೆ ನಾವಿಬ್ಬರೂ ಸೇರಿ ಒಂದು ಬ್ಯಾಂಡ್ ಕಟ್ಟಿದೆವು. ಗಿಟಾರು ಅವನದು, ಹಾಡು ನನ್ನದು. ಆದರೆ ಅವನಿಗೆ ಪ್ರೀತಿ ಪ್ರೇಮದ ಹಾಡು ಬೇಡ. ಬಾರದ ನೀರು, ನಿಂತ ಮಗ್ಗ, ಅಣೆಕಟ್ಟಿನ ನೀರಿಗೆ ಮುಳುಗಿದ ಬಾಗಲಕೋಟೆಯಲ್ಲಿ ಮನೆ ಬಿಟ್ಟವರು, ಇಂಥವನ್ನೇ ಗಿಟಾರು ಕಿರುಚಿಸಿ ಹಾಡಬೇಕು. ಅದಕ್ಕೆ ಆಲ್ಟರ್ನೇಟಿವ್ ರಾಕ್ ಎನ್ನುತ್ತಾರಂತೆ. 'ಇದನ್ನ ನಮ್ಮೂರಾಗ ಯಾರು ಕೇಳ್ತಾರಲೇ' ಎಂದು ವರ್ಷ ತುಂಬುವ ಮೊದಲೇ ನಾನು ಬಿಟ್ಟು ಬಂದೆ. ಹಾಡುವವರಿಲ್ಲದೆ ಅವನೇ ಹಾಡತೊಡಗಿದ. ಅವನ ದನಿ ಒಡೆದ ಕೊಡದ ದನಿ. ಇದು ಹೊಟ್ಟೆಕಿಚ್ಚಿನ ಮಾತಲ್ಲ, ಅವನೇ ಒಪ್ಪುತ್ತಾನೆ.

ಆ ಒಡೆದ ಕೊಡವನ್ನು ಜನ ಕೇಳಿದರು. ಹೋದ ವರ್ಷ ಅವರ ಬ್ಯಾಂಡಿನ ಒಂದು ಹಾಡನ್ನು ಮೊಬೈಲಿನಲ್ಲಿ ಎರಡು ಲಕ್ಷ ಮಂದಿ ನೋಡಿದರು. ಅದರ ಕೆಳಗೆ ಜನ ಬರೆದ ಅಭಿಪ್ರಾಯಗಳನ್ನು ನಾನು ದಿನಾ ಬೆಳಿಗ್ಗೆ ಪೇಪರ್ ಓದಿದಂತೆ ಓದುತ್ತಿದ್ದೆ. ಹೊಗಳಿದವರ ಮೇಲೆ ಸಿಟ್ಟು, ಬೈದವರು ನಾಲ್ಕೇ ಜನ ಎಂದು ಬೇಜಾರು. ಒಂದು ದಿನ ತಡೆಯಲಾಗದೆ 'ಸಂಗೀತಪ್ರೇಮಿ' ಎಂಬ ಹೆಸರಿನಲ್ಲಿ ನಾನೂ ಬರೆದೆ: 'ವಿಷಯ ಚೆನ್ನಾಗಿದೆ, ಗಾಯಕನಿಗೆ ಶ್ರುತಿಯ ಗಂಧವೇ ಇಲ್ಲ.' ಹತ್ತು ನಿಮಿಷಕ್ಕೆ ಯುನೂಸನ ಉತ್ತರ ಬಂತು: 'ಖರೆ ಹೇಳಿದ್ರಿ ಸರ್. ನಮ್ಮ ಜೋಡಿ ಒಬ್ಬ ಗೆಳೆಯ ಇದ್ದ, ಭಾಳ ಚಲೋ ಹಾಡತಿದ್ದ. ಅಂವ ಇದ್ದಿದ್ರ ನಿಮಗ ಹಿಂಗ ಅನಸ್ತಿದ್ದಿಲ್ಲ.' ಓದಿ ನನಗೆ ನಾಚಿಕೆಯಾಯಿತು ಎಂದುಕೊಂಡಿರಾ? ಇಲ್ಲ. ಇನ್ನಷ್ಟು ಉರಿಯಿತು. ಒಳ್ಳೆಯತನದಲ್ಲೂ ಅವನೇ ಮುಂದೆ ಇರಬೇಕೆ?

ಈ ವರ್ಷ ಜನವರಿಯಲ್ಲಿ ಒಂದು ಮಧ್ಯಾಹ್ನ ಅವನೇ ಅಂಗಡಿಗೆ ಬಂದ. ಕೈಯಲ್ಲಿ ಒಂದು ಪೆನ್‌ಡ್ರೈವ್.

"ಶಿವೂ, ಆಲ್ಬಮ್ ಮುಗೀತು. ಎಂಟು ಹಾಡು. 'ಎಂಟು ದೂರು' ಅಂತ ಹೆಸರು ಇಟ್ಟೀವಿ. ಮಾರ್ಚ್‌ನ್ಯಾಗ ಬಿಡಬೇಕು."

"ಚಲೋ ಆತಲ್ಲ. ನನಗ್ಯಾಕ ಹೇಳಾಕ ಬಂದಿ?"

"ನೀ ನೋಡಿಕೊಡಬೇಕು."

ಈ 'ನೋಡಿಕೊಡುವುದು' ಏನೆಂದು ನಮ್ಮ ಓಣಿಯ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮಲ್ಲಿ ಸೀರೆ ನೇದು ಇಳಿಸಿದ ಮೇಲೆ ನೇದವನು ತಾನೇ ಅದರ ತಪ್ಪು ಹುಡುಕುವುದಿಲ್ಲ. ಅವನ ಕಣ್ಣು ಆ ಸೀರೆಗೆ ರೂಢಿಯಾಗಿರುತ್ತದೆ, ಎಳೆ ಬಿಟ್ಟದ್ದು ಕಾಣುವುದಿಲ್ಲ. ಪಕ್ಕದ ಮನೆಯವರಿಗೆ ಕೊಡುತ್ತಾನೆ. ಅವರು ಬಾಗಿಲ ಬೆಳಕಿಗೆ ಹಿಡಿದು ಗೇಣುಗೇಣಾಗಿ ನೋಡಿ, ತಪ್ಪಿದ್ದಲ್ಲಿ ಒಂದು ದಾರದ ಗಂಟು ಹಾಕುತ್ತಾರೆ. ಇದರ ಜೊತೆಗೆ ಇನ್ನೊಂದು ಕಟ್ಟಳೆಯಿದೆ: ಗಂಟು ಹಾಕಿದವರೇ ಕುಳಿತು ಅದನ್ನು ತಿದ್ದಿಕೊಡಬೇಕು. ಹಾಗಾಗಿ ಸುಮ್ಮನೆ ತಪ್ಪು ಹುಡುಕುವ ಹುಮ್ಮಸ್ಸು ಯಾರಿಗೂ ಇರುವುದಿಲ್ಲ.

"ಬೆಂಗಳೂರಿನವರು, ಮುಂಬೈಯವರು ಚಲೋ ಐತಿ ಅಂತಾರ. ಅವರಿಗೇನು ಗೊತ್ತು ನಮ್ಮ ಕಲ್ಲು, ನಮ್ಮ ಮಗ್ಗ?" ಎಂದ ಯುನೂಸ. "ಯಾರ ಬಗ್ಗೆ ಹಾಡೀನೋ ಅವರು ಏನಂತಾರ, ಅದು ನನಗ ಬೇಕು. ನಾ ಹೋದ್ರ ಮುಖ ನೋಡಿ ಭೇಷ್ ಅಂತಾರ. ನೀ ಹೋಗು. ಕೇಳಿಸು. ಅವರು ಅಂದದ್ದನ್ನ ಬರಕೊಂಡು ಬಾ. ಅವರು ಬ್ಯಾಡ ಅಂದ ಹಾಡು ಆಲ್ಬಮ್‌ನ್ಯಾಗ ಇರಂಗಿಲ್ಲ."

ನಾಲ್ಕು ಹೆಸರು ಬರೆದ ಚೀಟಿ ಕೊಟ್ಟು ಹೋದ. ಇಂಥ ಕೆಲಸಕ್ಕೆ ಅವನಿಗೆ ನಾನೇ ಸಿಗಬೇಕೆ ಎಂದು ಒಂದು ಕ್ಷಣ ಅನ್ನಿಸಿತು. ಮರುಕ್ಷಣ, ನಾನೇ ಸಿಕ್ಕದ್ದು ಒಳ್ಳೆಯದಾಯಿತು ಎಂದೂ ಅನ್ನಿಸಿತು.

ಶೆಟರ್ ಅರ್ಧ ಎಳೆದು ಎಂಟೂ ಹಾಡು ಕೇಳಿದೆ. ಮೊದಲ ಆರನ್ನು ಕೇಳುವಾಗ ನೆಮ್ಮದಿಯಾಗಿಯೇ ಇದ್ದೆ. ಅಲ್ಲೊಂದು ಕಿರುಚಾಟ, ಇಲ್ಲೊಂದು ಬೇಸುರು, ಗದ್ದಲ. ಏಳನೆಯದು ಬಂತು. ಕಲ್ಲಿನ ಖಣಿಯಲ್ಲಿ ದುಡಿದು ಎದೆಗೆ ಧೂಳು ಹೊಕ್ಕವನ ಹಾಡು. ಡ್ರಮ್ಮಿಲ್ಲ. ಗಿಟಾರು ಎಲ್ಲೋ ದೂರದಲ್ಲಿ ಕಲ್ಲು ಕೊರೆಯುವ ಯಂತ್ರದ ಹಾಗೆ ಒಂದೇ ಸಮ ಗುಂಯ್‌ಗುಡುತ್ತಿತ್ತು. ಅದರ ಮೇಲೆ ಆ ಒಡೆದ ಕೊಡ:

ಬೆಳಗಾದ್ರ ಕೆಂಪ ಕಲ್ಲಿಗೆ ತೂತು ಕೊರ್ಯಾಕ ಹೋದಾಂವ ನಾ
ಎಷ್ಟು ಕೊರದೆ ಅಂತ ಎಣಸಲಿಲ್ಲ ನಾ
ಎಣಸಾಕ ಉಸಿರಿಲ್ಲ
ಉಸಿರು

ಪ್ರತಿ ನುಡಿಯಲ್ಲೂ ಸಾಲು ಹೀಗೆಯೇ ಮೋಟಾಗುತ್ತಾ ಹೋಗುತ್ತಿತ್ತು. ಕೊನೆಯ ನುಡಿಯಲ್ಲಿ ಶಬ್ದವೇ ಇಲ್ಲ, ಬರೀ ಗಿಟಾರು, ಅದೂ ನಿಲ್ಲುತ್ತಿತ್ತು. ನಾನು ಎದ್ದು ಹೋಗಿ ಶೆಟರ್ ಪೂರ್ತಿ ಎಳೆದು ಬಂದೆ. ಮೂವತ್ತು ವರ್ಷದಿಂದ ಹಾಡುತ್ತಿದ್ದೇನೆ. ಸ್ವರ ಗೊತ್ತು, ತಾಳ ಗೊತ್ತು. ಈ ಒಂದು ಹಾಡು ನನ್ನದಾಗಿದ್ದರೆ ಉಳಿದದ್ದೆಲ್ಲವನ್ನೂ ಕೊಟ್ಟುಬಿಡುತ್ತಿದ್ದೆ. ನನ್ನದಲ್ಲ. ಅವನದು.

ಚೀಟಿಯಲ್ಲಿದ್ದ ಮೊದಲ ಹೆಸರು ನಮ್ಮಪ್ಪ ನಿಂಗಣ್ಣನದೇ. ಎಪ್ಪತ್ತೆರಡು ವಯಸ್ಸು, ಇಂದಿಗೂ ಬೆಳಿಗ್ಗೆ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತರೆ ಊಟಕ್ಕೇ ಏಳುವುದು. ಬ್ಯಾಟರಿ ಸ್ಪೀಕರನ್ನು ಹೊಸ್ತಿಲ ಮೇಲಿಟ್ಟು ಹಚ್ಚಿದೆ. ಅಪ್ಪ ನೇಯುತ್ತಲೇ ಕೇಳಿದ. ಮೂರನೆಯ ಹಾಡಿಗೆ ಮೂಗು ಮುರಿದ.

"ಇದು ಕೈಮಗ್ಗದ ಹಾಡಂತಿ, ಸಪ್ಪಳ ನೋಡಿದ್ರ ಪವರ್‌ಲೂಮಿಂದು. ಯುನೂಸಗ ಬುದ್ಧಿ ಇಲ್ಲೇನು?"

ನಾನು ಖುಷಿಯಿಂದ ಬರೆದುಕೊಂಡೆ. ಇಂಥದ್ದನ್ನು ಬರೆಯುವಾಗ ನನ್ನ ಅಕ್ಷರ ಅಚ್ಚು ಹಾಕಿದ ಹಾಗೆ ಬರುತ್ತದೆ.

ಏಳನೆಯದು ಬಂದಾಗ ಮಗ್ಗ ನಿಂತಿತು. ದಾರ ಹರಿದಿರಬೇಕು ಎಂದುಕೊಂಡೆ. ದಾರ ಹರಿದಿರಲಿಲ್ಲ. ಅಪ್ಪ ಲಾಳಿಯನ್ನು ಕೈಯಲ್ಲಿ ಹಿಡಿದುಕೊಂಡು ಗೋಡೆ ನೋಡುತ್ತಾ ಕುಳಿತಿದ್ದ. ಹಾಡು ಮುಗಿದ ಮೇಲೂ ಹಾಗೆಯೇ ಕುಳಿತಿದ್ದು, "ಇನ್ನೊಮ್ಮಿ ಹಚ್ಚು" ಎಂದ. ಚಿಕ್ಕಂದಿನಿಂದ ನಾನು ಇದೇ ಮನೆಯಲ್ಲಿ ಹಾಡಿದ್ದೇನೆ, ಬಹುಮಾನ ತಂದ ಹಾಡನ್ನು ಇದೇ ಹೊಸ್ತಿಲಲ್ಲಿ ನಿಂತು ಹಾಡಿದ್ದೇನೆ. ಒಂದು ಸಲವೂ, ಒಂದೇ ಒಂದು ಸಲವೂ ಆ ಮಗ್ಗ ನಿಂತಿರಲಿಲ್ಲ. "ಹೆಂಗ ಕೆಲಸ ಮಾಡೂದು ಇದನ್ನ ಕೇಳಿ" ಎಂದು ಅಪ್ಪ ಕಣ್ಣೊರೆಸಿಕೊಂಡ. ನಾನು ಬರೆದುಕೊಂಡೆ: 'ಏಳನೆಯದು: ಇದನ್ನು ಕೇಳಿದರೆ ಕೆಲಸ ಕೆಡುತ್ತದೆ ಎಂದರು.'

ಬರೆದು ನೋಡಿದೆ. ಸುಳ್ಳೇನೂ ಇರಲಿಲ್ಲ. ಹೀಗೂ ಬರೆಯಬಹುದು ಎಂದು ಗೊತ್ತಾಗಿದ್ದು ಆಗಲೇ.

ಭಾನುವಾರ ಸ್ಪೀಕರನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹುನಗುಂದಕ್ಕೆ ಹೋದೆ. ಎರಡನೆಯ ಹೆಸರು ದುರ್ಗವ್ವ, ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಹೆಂಗಸು. ಗಂಡ ಹದಿನೆಂಟು ವರ್ಷ ಖಣಿಯಲ್ಲಿ ಕಲ್ಲು ಕೊರೆದು, ಎದೆ ಕೆಟ್ಟು, ಮೂರು ವರ್ಷಗಳ ಹಿಂದೆ ತೀರಿಕೊಂಡಿದ್ದ. ಯುನೂಸನಿಗೆ ಅವಳ ಮುಖ ಪರಿಚಯವಿರಲಿಲ್ಲ, ಯಾರೋ ಹೆಸರು ಹೇಳಿದ್ದರಷ್ಟೆ. ಒಲೆಯ ಮುಂದೆ ಕುಳಿತೇ, ನೀವು ಹಚ್ಚರಿ ನಾ ಕೇಳತೇನಿ ಎಂದಳು. ಮೊದಲ ಆರು ಹಾಡಿಗೆ ರೊಟ್ಟಿಯ ಸಪ್ಪಳವೇ ಜೋರಾಗಿತ್ತು. ಏಳನೆಯದರ ಎರಡನೆಯ ನುಡಿಗೆ ಅವಳು ಕೈಯೆತ್ತಿದಳು.

"ಬಂದ್ ಮಾಡ್ರಿ."

ಬಂದ್ ಮಾಡಿದೆ. ಒಳಗೊಳಗೆ ಹಿಗ್ಗಿದೆ ಕೂಡ. ಅವಳು ಎದ್ದು ಕೈ ತೊಳೆದು, ಒಂದು ತಂಬಿಗೆ ನೀರು ಕುಡಿದು ಬಂದು, ಸ್ಪೀಕರಿನ ಮುಂದೆ ನೆಲದ ಮೇಲೆ ಕುಳಿತಳು. "ಈಗ ಹಚ್ಚರಿ. ಮೊದಲಿಂದ."

ಮೂರು ಸಲ ಕೇಳಿದಳು. ತವೆಯ ಮೇಲಿನ ರೊಟ್ಟಿ ಸೀದುಹೋಯಿತು, ಇಬ್ಬರೂ ಏಳಲಿಲ್ಲ.

"ಕಡೀ ವರ್ಷ ನಮ್ಮನಿಯವರು ಹಿಂಗ ಮಾತಾಡತಿದ್ರು" ಎಂದಳು. "ಮೊದಲ ಉದ್ದನ ಮಾತು. ಆಮ್ಯಾಲೆ ಸಣ್ಣ ಮಾತು. ಕಡೀಕ ಬರೇ ನನ್ನ ಹೆಸರು. ಅದೂ ಅರ್ಧಾ. ಇದನ್ನ ಹಾಡಿದಾಂವ ಯಾರಪಾ? ಅಂವಗ ಹೇಳು, ದುರ್ಗವ್ವ ಕೇಳಿದ್ಲು ಅಂತ ಹೇಳು."

ಹೇಳುತ್ತೇನೆ ಎಂದೆ. ಬೀದಿಯ ತಿರುವಿನಲ್ಲಿ ಬೈಕು ನಿಲ್ಲಿಸಿ ಬರೆದುಕೊಂಡೆ: 'ಏಳನೆಯದು: ಎರಡನೆಯ ನುಡಿಗೇ ಬಂದ್ ಮಾಡ್ರಿ ಎಂದರು.'

ಅಮೀನಗಡ ದಾಟಿ ಬಾದಾಮಿ ತಲುಪಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಮೂರನೆಯವನು ಬೀರಲಿಂಗ, ಬಾದಾಮಿಯಿಂದ ಮಹಾಕೂಟಕ್ಕೂ ಪಟ್ಟದಕಲ್ಲಿಗೂ ಟಂಟಂ ಓಡಿಸುವವನು. ಅವನ ಗಾಡಿಯಲ್ಲೇ ಹಚ್ಚಿದೆವು. ಹಾಳು ರಸ್ತೆಯ ಬಗ್ಗೆ ಇದ್ದ ಎರಡನೆಯ ಹಾಡಿಗೆ ಸ್ಟಿಯರಿಂಗ್ ಮೇಲೆ ತಾಳ ಹಾಕಿದ. ಡ್ರಮ್ ಬಡಿಯುವವಳು ಪ್ರಿಯದರ್ಶಿನಿ ಎಂಬ ಹುಡುಗಿ ಎಂದಾಗ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಏಳನೆಯದಕ್ಕೆ ಗಾಡಿಯನ್ನೇ ರಸ್ತೆಯ ಬದಿಗೆ ಹಚ್ಚಿದ. "ಅಣ್ಣಾರ, ಇದನ್ನ ಗಾಡ್ಯಾಗ ಹಚ್ಚಂಗಿಲ್ಲ ನಾ. ಮಂದಿ ಇಳೀಬೇಕಾದಲ್ಲೆ ಇಳಿಯಂಗಿಲ್ಲ, ಕುಂತ ಬಿಡ್ತಾರ. ನನ್ನ ಮೊಬೈಲಿಗೆ ಹಾಕಿಕೊಡ್ರಿ, ಮನ್ಯಾಗ ಕೇಳ್ತೇನಿ." ಹಾಕಿಕೊಡ್ತೇನಿ ಎಂದೆ, ಬರೆದುಕೊಂಡೆ: 'ಏಳನೆಯದು: ಗಾಡಿಯಲ್ಲಿ ಹಚ್ಚುವುದಿಲ್ಲ ಎಂದ.'

ಕೊನೆಗೆ ಕುಳಗೇರಿ ಕ್ರಾಸಿನಲ್ಲಿ ಖಾನಾವಳಿ ನಡೆಸುವ ಮೆಹರುನ್ನಿಸಾ ಆಪಾ. ಮೊದಲ ಹಾಡಿಗೇ, "ಇಷ್ಟ್ಯಾಕ ಒದರತಾನ ತಮ್ಮಾ ಇಂವ? ಹೊಟ್ಟಿ ಹಸದಿದ್ರ ಇಲ್ಲಿ ಕಳಸು, ಊಟಕ್ಕ ನೀಡ್ತೇನಿ" ಎಂದು ನನ್ನ ಮನಸ್ಸು ತಣ್ಣಗೆ ಮಾಡಿದಳು. ಆದರೆ ಏಳನೆಯದು ಮುಗಿದಾಗ ಕಲ್ಲು ಹೇರಿದ ಲಾರಿಯ ಡ್ರೈವರೊಬ್ಬ ತಾಟು ಅರ್ಧಕ್ಕೇ ಬಿಟ್ಟು ಎದ್ದು ಹೋಗಿ ಹೊರಗೆ ನಿಂತುಕೊಂಡ. ಆಪಾ ಅವನ ಹಿಂದೆ ನೀರು ಹಿಡಿದುಕೊಂಡು ಹೋದಳು. ನಾನು ಬರೆದೆ: 'ಏಳನೆಯದು: ಗಿರಾಕಿ ಊಟ ಬಿಟ್ಟು ಎದ್ದರು.'

ನಾಲ್ಕು ಮಂದಿ, ನಾಲ್ಕು ಸಾಲು. ಒಂದೂ ಸುಳ್ಳಿಲ್ಲ. ಬೇಕಾದರೆ ಯಾವ ದೇವರ ಮುಂದಾದರೂ ಆಣೆ ಮಾಡುತ್ತಿದ್ದೆ.

ಯುನೂಸ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ನಾನು ಬರೆದುಕೊಂಡು ಬಂದ ವಹಿಯನ್ನು ಎರಡು ಸಲ ಓದಿದ. ಮಗ್ಗದ ಸಪ್ಪಳದ ಮಾತಿಗೆ ತಲೆ ಚಚ್ಚಿಕೊಂಡು ನಕ್ಕ. ಏಳನೆಯದಕ್ಕೆ ಬಂದಾಗ ನಗು ಹೋಯಿತು. ಅವನ ಮುಖ ಸಣ್ಣದಾಗುವುದನ್ನು ನಾನು ಕಣ್ತುಂಬ ನೋಡಿದೆ. ಹನ್ನೆರಡು ವರ್ಷದಿಂದ ಕಾದಿದ್ದೆ ಅದಕ್ಕೆ.

"ದುರ್ಗವ್ವನೂ ಬಂದ್ ಮಾಡು ಅಂದ್ಲೇನು?"

"ಹೂಂ. ಕೈ ಎತ್ತಿ ಅಂದ್ಲು."

"ನನಗ ಇದ ಎಲ್ಲಾದಕ್ಕಿಂತ ಚಲೋ ಆಗೇತಿ ಅನಸಿತ್ತಲೇ." ವಹಿ ಮುಚ್ಚಿ ನನ್ನ ಮುಂದಿಟ್ಟ. "ಆಕಿ ನೋವು ನಾ ಅನುಭವಿಸಿಲ್ಲ. ಹೊರಗ ನಿಂತು ಬರದೇನಿ, ಅದಕ್ಕ ಚುಚ್ಚಿರಬೇಕು. ತಗದುಬಿಡ್ತೇನಿ."

ಇಷ್ಟು ಸುಲಭಕ್ಕೆ ಆಗುತ್ತದೆ ಎಂದುಕೊಂಡಿರಲಿಲ್ಲ. ಅವನು ಅಲ್ಲಿಗೇ ನಿಲ್ಲಲಿಲ್ಲ.

"ತಪ್ಪು ತೋರಿಸಿದಾಂವ ನೀ. ತಿದ್ದಾಂವನೂ ನೀನ. ಆ ಜಾಗಾದಾಗ ನಿಂದೊಂದು ಹಾಡು ಹಾಕೂಣು. ನೀ ಬರಿ, ನೀ ಹಾಡು. ನಾವು ಬಾರಸ್ತೀವಿ."

ಹೊಟ್ಟೆಕಿಚ್ಚಿಗೆ ಇಂಥ ಫಲ ಸಿಗುತ್ತದೆಂದು ಗೊತ್ತಿದ್ದರೆ ಎಷ್ಟೋ ಮೊದಲೇ ಪಡುತ್ತಿದ್ದೆ.

ಎರಡು ವಾರದಲ್ಲಿ ಹಾಡು ಬರೆದೆ. ಹೆಸರು 'ಸೆರಗು'. ಸೀರೆಯ ಒಡಲಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವ ನಮ್ಮ ಹೆಂಗಸರ ಮೇಲೆ ಚೆಂದದ ಮಾತು, ಚೆಂದದ ರಾಗ. ಬಾಗಲಕೋಟೆಯ ನವನಗರದ ಸ್ಟುಡಿಯೋದಲ್ಲಿ ಎರಡೇ ಟೇಕಿಗೆ ಮುಗಿಸಿದೆ. ಪ್ರಿಯದರ್ಶಿನಿ ಡ್ರಮ್ಮಿನ ಹಿಂದಿನಿಂದ, "ಏನ್ ದನಿ ಐತ್ರಿ ಸರ್ ನಿಮ್ದು" ಎಂದಳು. ಯುನೂಸ ನನ್ನ ಹೆಗಲ ಮೇಲೆ ಕೈ ಹಾಕಿ ಎಲ್ಲರಿಗೂ ಹೇಳಿದ, "ನಾ ಹೇಳಿದ್ದಿಲ್ಲೇನು?" ಆ ಸಂಜೆ ನಾನು ಯಾರ ಮೇಲೂ ಅಸೂಯೆಪಡಲಿಲ್ಲ. ಅಂಥ ಸಂಜೆ ನನ್ನ ಆಯುಷ್ಯದಲ್ಲಿ ಬೆರಳೆಣಿಕೆಯಷ್ಟೂ ಇಲ್ಲ.

ಹೊರಡುವಾಗ ಅವನು ಹೇಳಿದ: "ಇನ್ನ ಒಂದ ಕೆಲಸ ಉಳೀತು. ನಿನ್ನ ಹಾಡನ್ನೂ ಅದ ನಾಕ ಮಂದಿಗೆ ಕೇಳಿಸಿಕೊಂಡು ಬಾ. ಎಲ್ಲಾ ಹಾಡಿಗೂ ಒಂದ ನ್ಯಾಯ ಇರಬೇಕಲ್ಲ."

ಬೇಡ ಎನ್ನಲು ಕಾರಣ ಹುಡುಕಿದೆ, ಸಿಗಲಿಲ್ಲ. ನಿಜ ಹೇಳಬೇಕೆಂದರೆ ಆಸೆಯೂ ಇತ್ತು. ಒಂದು ಸಲವಾದರೂ ಆ ಮಗ್ಗ ನಿಲ್ಲಲಿ ಎಂಬ ಆಸೆ.

ಹೊಸ್ತಿಲ ಮೇಲೆ ಸ್ಪೀಕರ್ ಇಟ್ಟೆ. ನನ್ನ ದನಿ ಮನೆಯ ತುಂಬ ತುಂಬಿತು. ಅಪ್ಪ ನೇಯುತ್ತಾ ಕೇಳಿದ, ಮುಗಿಯುವವರೆಗೂ ನೇಯುತ್ತಲೇ ಇದ್ದ.

"ಹೆಂಗೈತಪ್ಪಾ?"

"ಚಲೋ ಐತಿ. ನಿನ್ನ ದನಿಗೇನಾಗೇತಿ, ಮೊದಲಿಂದೂ ಚಲೋನ ಐತಿ." ಲಾಳಿ ಆ ಕಡೆ ಹೋಯಿತು, ಈ ಕಡೆ ಬಂತು. "ಆ ಕಲ್ಲಿನ ಹಾಡು ಹೊರಗ ಬಂತೇನು? ಬಂದ್ರ ಹೇಳು. ರಂಜಾನಬಿಗೂ ಕೇಳಿಸಬೇಕು. ಮಗ ಎಂಥಾದ್ದು ಮಾಡ್ಯಾನ ಅಂತ ಆಕಿಗೂ ಗೊತ್ತಾಗಲಿ."

ರಂಜಾನಬಿ ಯುನೂಸನ ತಾಯಿ. ನಮ್ಮಪ್ಪನಿಗೆ ಅವಳ ಮಗನ ಸುದ್ದಿ ಬೇಕು. ಅವಳ ಮನೆಗೆ ಹೋಗಿ ಹೊಗಳಬೇಕು. ಸ್ಪೀಕರ್ ಎತ್ತಿಕೊಂಡು ಬಂದೆ.

ಈ ಸಲ ದುರ್ಗವ್ವನನ್ನು ಕೊನೆಗೆ ಇಟ್ಟುಕೊಂಡೆ. ಹುನಗುಂದವನ್ನು ನಿಲ್ಲದೆ ದಾಟಿ ಸೀದಾ ಬಾದಾಮಿಗೆ ಹೋದೆ. ಬೀರಲಿಂಗ ತಲೆದೂಗಿ ಕೇಳಿ, "ಅಣ್ಣಾರ, ಮದುವ್ಯಾಗ ಹಚ್ಚಾಕ ಇದರಂಥಾ ಹಾಡಿಲ್ಲ ನೋಡ್ರಿ" ಎಂದ. ಹೊಗಳಿಕೆಯೇ ಅದು, ಅವನ ಲೆಕ್ಕದಲ್ಲಿ. "ಅವತ್ತಿಂದು ಮೊಬೈಲಿಗೆ ಹಾಕಿಕೊಡ್ತೇನಿ ಅಂದಿದ್ರಿ, ಮರತ್ರೇನು?" ಎಂದೂ ಕೇಳಿದ. ಕುಳಗೇರಿ ಕ್ರಾಸಿನಲ್ಲಿ ಮೆಹರುನ್ನಿಸಾ ಆಪಾ ನನ್ನ ಹಾಡು ನಡೆಯುತ್ತಿರುವಾಗಲೇ ಇಬ್ಬರಿಗೆ ಊಟ ಬಡಿಸಿ, ಒಬ್ಬನೊಂದಿಗೆ ಚಿಲ್ಲರೆಗಾಗಿ ಜಗಳವಾಡಿ ಮುಗಿಸಿದಳು. ಆಮೇಲೆ ಕೇಳಿದಳು: "ಆ ಡ್ರೈವರ್ ಎರಡ ಸಲ ಬಂದು ಹೋದ ತಮ್ಮಾ. ಆ ಹಾಡಿನಾಂವ ಮತ್ತ ಬಂದಿದ್ನೇನು ಅಂತ ಕೇಳ್ತಾನ. ಏನ್ ಹೇಳ್ಲಿ?"

ಯಾರೂ ನನ್ನ ಹಾಡನ್ನು ಬೈಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು. ಚಲೋ ಎನ್ನುತ್ತಾರೆ, ಹಿಂದೆಯೇ ಅವನದನ್ನು ಕೇಳುತ್ತಾರೆ. ಆಲ್ಬಮ್ಮಿನಿಂದ ಕಿತ್ತು ಹಾಕಿದ ಹಾಡು, ಊರಲ್ಲಿ ಯಾರಿಗೂ ಸಿಗದ ಹಾಡು. ಇನ್ನೂ ಅದರ ಮೇಲೇ ಹೊಟ್ಟೆ ಉರಿದುಕೊಳ್ಳುತ್ತಾ ನಾನು ಹುನಗುಂದದ ಕಡೆ ಬೈಕು ತಿರುಗಿಸಿದೆ.

ದುರ್ಗವ್ವ ನನ್ನನ್ನು ಕಂಡು ಒಲೆಯ ಮುಂದಿನಿಂದ ಎದ್ದೇಬಿಟ್ಟಳು. ಕುರ್ಚಿ ಹಾಕಿದಳು, ಸೀರೆಯ ಸೆರಗಿನಿಂದ ಅದನ್ನು ಒರೆಸಿದಳು. ನನ್ನ ಹಾಡನ್ನು ಕೈಕಟ್ಟಿ ಕುಳಿತು ಪೂರ್ತಿ ಕೇಳಿದಳು, ಅಷ್ಟು ಮರ್ಯಾದೆ ಕೊಟ್ಟವಳು ಅವಳೊಬ್ಬಳೇ.

"ಚಂದ ಹಾಡೀಯಪಾ. ಕಂಠ ಭಾಳ ಚಲೋ ಐತಿ. ಈಗ ಅದನ್ನ ಹಚ್ಚು."

"ಅದು ಇಲ್ರಿ ಅವ್ವಾರ. ಅದನ್ನ ತಗದಾರ."

"ತಗದಾರ ಅಂದ್ರ?"

"ಆಲ್ಬಮ್‌ನ್ಯಾಗ ಇರಂಗಿಲ್ರಿ. ಕೇಳಿದ ಮಂದಿ ಬ್ಯಾಡ ಅಂದ್ರು, ಅದಕ್ಕ ತಗದ್ರು."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಯಾರು ಬೇಡ ಅಂದವರು ಎಂದು ಬೈಯುತ್ತಾಳೆ, ನಾನು ಏನಾದರೊಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ ಎಂದು ತಯಾರಾಗಿ ಕುಳಿತಿದ್ದೆ. ಅವಳು ಬೈಯಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡಳು.

"ನಾನ ಅಂದೆ ತಮ್ಮಾ. ಬಂದ್ ಮಾಡ್ರಿ ಅಂತ ನಾನ ಅಂದೆ. ಅದನ್ನ ಹೇಳಿದ್ಯೇನು ಅವರಿಗೆ? ಎದಿಯಾಗ ತಡಕೊಳಾಕ ಆಗಲಿಲ್ಲ, ಬಾಯಿಗೆ ಬಂತು, ಅಂದುಬಿಟ್ಟೆ." ಅವಳ ಕಣ್ಣಿನಿಂದ ನೀರು ಇಳಿಯತೊಡಗಿತು. "ಅವರ ಹೆಸರಿನ್ಯಾಗ ಒಂದು ಕಲ್ಲೂ ನಿಲ್ಸಿಲ್ಲ ಯಾರೂ. ಅಷ್ಟು ಕಲ್ಲು ಕೊರದ್ರು. ಒಂದು ಹಾಡು ಆಗಿತ್ತು. ಅದನ್ನೂ ನಾನ ಕೆಡಿಸಿದ್ನೇನು? ಆ ಹಾಡಿದಾಂವನ ಹಂತೇಕ ಕರಕೊಂಡು ಹೋಗು ನನ್ನ. ಕಾಲಿಗೆ ಬೀಳತೇನಿ. ಸಿಟ್ಟಾಗಬ್ಯಾಡಪಾ, ದುರ್ಗವ್ವ ತಿಳೀದ ಅಂದ್ಲು ಅಂತ ಹೇಳತೇನಿ."

ಎದ್ದು ಚಪ್ಪಲಿ ಹುಡುಕತೊಡಗಿದಳು. ನಿಜವಾಗಿಯೂ ಹೊರಟಿದ್ದಳು; ಕೈಗೆ ಹತ್ತಿದ ಹಿಟ್ಟನ್ನೂ ತೊಳೆದಿರಲಿಲ್ಲ.

ನಾನು ನೀಚ ಇರಬಹುದು. ಆದರೆ ಆ ಹೆಂಗಸು ಇಳಕಲ್ಲಿಗೆ ಬಂದು, ಮಾಡದ ತಪ್ಪಿಗೆ ಅವನ ಕಾಲು ಹಿಡಿಯುವುದನ್ನು ನೋಡುವಷ್ಟು ಎದೆ ನನಗಿರಲಿಲ್ಲ. "ಕುಂಡ್ರಿ ಅವ್ವಾರ" ಎಂದು ಫೋನ್ ಹಚ್ಚಿದೆ. ಪವರ್‌ಲೂಮಿನ ಗದ್ದಲದ ನಡುವೆ ಯುನೂಸ ಎತ್ತಿದ. ಸ್ವಲ್ಪ ಹೊರಗ ಬಾ ಎಂದೆ. ಗದ್ದಲ ಹಿಂದೆ ಸರಿಯಿತು.

"ಯುನೂಸ, ನಾ ಬರದದ್ದರಾಗ ಒಂದೂ ಸುಳ್ಳಿಲ್ಲ. ಆದ್ರ ಅರ್ಧಾ ಅರ್ಧಾ ಬರದೇನಿ. ದುರ್ಗವ್ವ ಬಂದ್ ಮಾಡು ಅಂದಾಕಿ ಮತ್ತ ಮೂರ ಸಲ ಹಚ್ಚಿಸಿ ಕೇಳಿದ್ಲು. ನಮ್ಮಪ್ಪ ಮಗ್ಗ ನಿಲ್ಲಿಸಿ ಅತ್ತ. ಏಳನೇದು ಬ್ಯಾಡ ಅಂದಾಂವ ಒಬ್ಬನೂ ಇಲ್ಲ. ನಾನ ಒಬ್ಬಾಂವ."

ದುರ್ಗವ್ವನಿಗೆ ಎಲ್ಲ ಕೇಳಿಸಿತ್ತು, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ‍ಳು. ಯುನೂಸ, "ಆಕಿ ಕೈಯಾಗ ಫೋನ್ ಕೊಡು" ಎಂದ.

ಕೊಟ್ಟೆ. ಅವರಿಬ್ಬರೂ ಅರ್ಧ ಗಂಟೆ ಮಾತಾಡಿದರು. ಗಂಡನ ಹೆಸರು ಹೇಳಿದಳು, ಖಣಿಯ ಹೆಸರು ಹೇಳಿದಳು, ಅವನಿಗೆ ಜೋಳದ ರೊಟ್ಟಿಯ ಜೊತೆ ಏನು ಸೇರುತ್ತಿತ್ತು ಎಂದೂ ಹೇಳಿದಳು. ನಡುವೆ ಒಮ್ಮೆ ನಕ್ಕಳು. ಯುನೂಸನನ್ನು 'ನನ ಕಂದ' ಎಂದು ಕರೆದಳು. ನನಗೆ ಕುರ್ಚಿ ಹಾಕಿಕೊಟ್ಟವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆಗಲಾದರೂ ಹೊಟ್ಟೆಯ ಉರಿ ತಣ್ಣಗಾಯಿತು ಎಂದು ಹೇಳಿದರೆ ಅದು ಅರ್ಧವೂ ಅಲ್ಲ, ಪೂರ್ತಿ ಸುಳ್ಳು. ನನ್ನದೇ ಫೋನು, ನನ್ನದೇ ಬ್ಯಾಟರಿ, ಅವನಿಗೆ ಆಶೀರ್ವಾದ. ಕುಳಿತು ಉರಿದೆ.

ಫೋನು ನನ್ನ ಕೈಗೆ ಬಂದಾಗ ಅವನು ಇನ್ನೂ ಲೈನಿನಲ್ಲಿದ್ದ. ಬೈಯುತ್ತಾನೆ ಎಂದು ಕಾದೆ.

"ಎಲ್ಲಾರದೂ ಬರಕೊಂಡು ಬಂದಿ" ಎಂದ. ದನಿ ಎಂದಿಗಿಂತ ಒಡೆದಿತ್ತು. "ನಿಂದೊಂದು ಬರೀಲಿಲ್ಲ. ನಿನಗ ಹೆಂಗನಸ್ತು ಆ ಹಾಡು?"

ಒಲೆ ಆರುತ್ತಿತ್ತು. ದುರ್ಗವ್ವ ಈಗ ನನ್ನನ್ನೇ ನೋಡುತ್ತಿದ್ದಳು.

"ಭಾಳ ಚಲೋ ಐತಲೇ" ಎಂದೆ. "ಅದಕ್ಕ ಹಿಂಗ ಮಾಡಿದೆ."